ಕೊರಗಪ್ಪಣ್ಣ ಹೇಳಿಕೊಳ್ಳದ ಹರಕೆ

ಒಮಾನಿನ ಬಿಸಿಲನ್ನು ಹೇಗಾದರೂ ತಡೆದುಕೊಳ್ಳಬಹುದು, ಅಲ್ಲಿಯ ಜನರ ಒಳ್ಳೆಯತನವನ್ನು ತಡೆದುಕೊಳ್ಳುವುದು ಕಷ್ಟ. ಸೈಕಲ್ ಹೊಡೆಯುವವರ ಪಾಡಂತೂ ಯಾರಿಗೂ ಬೇಡ. ಇದು ನನಗೆ ಗೊತ್ತಾದದ್ದು ಕೊರಗಪ್ಪಣ್ಣನಿಂದ.

ಕೊರಗಪ್ಪಣ್ಣ ಬರ್ಕಾದಲ್ಲಿದ್ದ ನಮ್ಮ ರಸ್ತೆ ಕಂಪನಿಯ ಸ್ಟೋರ್ ಕೀಪರ್, ನಾನು ಪಕ್ಕದ ಮೇಜಿನ ಟೈಪಿಸ್ಟ್. ಕಾರ್ಕಳದ ಕಡೆಯ ಅವರು ಎಂಬತ್ತರ ದಶಕದ ಆರಂಭದಲ್ಲೇ ಬಂದವರು. ಮೊದಲ ಕೆಲವು ವರ್ಷ ಕ್ಯಾಂಪಿನಲ್ಲಿ ಆರು ಮಂದಿಯ ಗೊರಕೆಯ ನಡುವೆ ಮಲಗಿದರು. ಆಮೇಲೆ ಹೆಂಡತಿ ದಮಯಂತಿಯಕ್ಕ ಬಂದರು, ಕಂಪನಿ ಸಣ್ಣ ಮನೆ ಕೊಟ್ಟಿತು. ಮಕ್ಕಳಾಗಲಿಲ್ಲ. ಆ ವಿಷಯವನ್ನು ಊರಿನವರು ಆಡಿದಷ್ಟು ಅವರಿಬ್ಬರೂ ಆಡಿದವರಲ್ಲ. ಡಾಕ್ಟರು, ಜೋಯಿಸರು, ದೈವದ ನುಡಿ ಎಲ್ಲ ಮುಗಿದ ಮೇಲೆ ಇಬ್ಬರೂ ಕೂತು, ಇನ್ನು ಸಾಕು, ಇದರ ಮಾತೇ ಬೇಡ ಎಂದು ತೀರ್ಮಾನಿಸಿಕೊಂಡಿದ್ದರು. ಆ ತೀರ್ಮಾನವಾದ ಮೇಲೆ ಮನೆಯಲ್ಲಿ ಒಂದು ರೀತಿಯ ಶಾಂತಿ ಇತ್ತು.

ಹೀಗಿರುವಾಗ ನಮ್ಮಲ್ಲಿಗೆ ಬರ್ನಾರ್ ಎಂಬ ಫ್ರೆಂಚ್ ಇಂಜಿನಿಯರ್ ಬಂದ. ಟಾರು ಹಾಕುವುದನ್ನು ನೋಡಿಕೊಳ್ಳಲೆಂದು ಬಂದವನಿಗೆ ಟಾರು ಕಂಡರೆ ಆಗದು. ಶುಕ್ರವಾರ ಬಂತೆಂದರೆ ಚಡ್ಡಿ ಹಾಕಿ, ದಪ್ಪ ಟಯರಿನ ಸೈಕಲ್ ಏರಿ ಜಲ್ಲಿ ರಸ್ತೆ ಹುಡುಕಿಕೊಂಡು ಹೊರಡುತ್ತಿದ್ದ. ಅವನ ಊರಿನಲ್ಲಿ ದ್ರಾಕ್ಷಿ ತೋಟಗಳ ನಡುವೆ ಇಂಥವೇ ಜಲ್ಲಿ ದಾರಿಗಳಿವೆಯಂತೆ. ಬೆಳಿಗ್ಗೆ ಹೊರಟರೆ ಸಂಜೆಯ ತನಕ ಹೋಗುತ್ತಲೇ ಇರಬಹುದಂತೆ, ಯಾರೂ ನಿಲ್ಲಿಸುವುದಿಲ್ಲವಂತೆ, ಎಲ್ಲಿಗೆ ಯಾಕೆ ಎಂದು ಕೇಳುವುದಿಲ್ಲವಂತೆ. ಆರು ಮಂದಿಯ ಕೋಣೆಯಿಂದ ಬಂದ ಕೊರಗಪ್ಪಣ್ಣನಿಗೆ ಇದು ಸ್ವರ್ಗದ ವರ್ಣನೆಯಾಗಿ ಕೇಳಿಸಿತು. ಬರ್ನಾರ್ ಊರಿಗೆ ಹೋಗುವಾಗ ಸೈಕಲನ್ನು ಅವರಿಗೇ ಕೊಟ್ಟುಹೋದ. ಉಪಕಾರ ಎಂದುಕೊಂಡೇ ಕೊಟ್ಟಿರಬೇಕು, ಪಾಪ.

ಬರ್ಕಾದಿಂದ ಒಳಗೆ, ಖರ್ಜೂರದ ತೋಟಗಳನ್ನು ದಾಟಿ, ಬೆಟ್ಟದ ಬುಡದ ಹಳ್ಳಿಗೆ ಒಂದು ಜಲ್ಲಿ ರಸ್ತೆ ಇತ್ತು. ಅದನ್ನು ತುದಿಯ ತನಕ ಒಬ್ಬನೇ, ಒಂದೇ ಉಸಿರಿಗೆ ಹೊಡೆಯಬೇಕು ಎಂಬುದು ಕೊರಗಪ್ಪಣ್ಣನ ಆಸೆ. ಬರ್ನಾರ್ ಹೋದಾಗ ತೋಟದವರು ಕೈಬೀಸಿ ನಗುತ್ತಿದ್ದರು. ಬಿಳಿಯರು ಸೈಕಲ್ ಹೊಡೆದರೆ ಅದು ಶೋಕಿ. ಕೊರಗಪ್ಪಣ್ಣ ಹೊಡೆದರೆ ಅದು ಗತಿಗೇಡು. ಮೊದಲ ಶುಕ್ರವಾರವೇ ಪಿಕಪ್ ಒಂದು ಧೂಳೆಬ್ಬಿಸಿ ಪಕ್ಕದಲ್ಲಿ ನಿಂತಿತು. ಅದರಿಂದ ಇಳಿದವನು ಖಲ್ಫಾನ್ ಎಂಬ ಮುದುಕ, ಆ ಹಳ್ಳಿಯವನೇ, ದೊಡ್ಡ ತೋಟದ ಯಜಮಾನ.

"ಈ ಬಿಸಿಲಲ್ಲಿ ಸೈಕಲ್ಲಾ? ನಿನ್ನ ಧಣಿ, ಆ ಕಫೀಲ್‌ಗೆ ದೇವರ ಹೆದರಿಕೆ ಇಲ್ವಾ?" ಎಂದು ಹರುಕು ಹಿಂದಿಯಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಸೈಕಲನ್ನು ಎತ್ತಿ ಹಿಂದೆ ಹಾಕಿದ. "ಯಲ್ಲಾ, ಹತ್ತು."

ಮನೆಗೆ ಕರೆದುಕೊಂಡು ಹೋಗಿ ಚಾಪೆ ಹಾಸಿ ಕೂರಿಸಿದ. ಖರ್ಜೂರ ಬಂತು, ಅರಬರ ಕಾಫಿ ಕಹ್ವಾ ಬಂತು. ಕಪ್ಪನ್ನು ಅಲ್ಲಾಡಿಸಿ ಕೊಡದಿದ್ದರೆ ಮತ್ತೆ ತುಂಬುತ್ತಲೇ ಇರುತ್ತಾರೆಂದು ಗೊತ್ತಿದ್ದರೂ ಕೊರಗಪ್ಪಣ್ಣ ದಾಕ್ಷಿಣ್ಯಕ್ಕೆ ಕುಡಿಯುತ್ತ ಹೋದರು. ಕೊನೆಗೆ ಖಲ್ಫಾನನೇ ಅವರನ್ನು ಬರ್ಕಾಕ್ಕೆ ತಂದು ಬಿಟ್ಟ. ಮುಂದಿನ ಶುಕ್ರವಾರವೂ ಇದೇ ಆಯಿತು. ಅದರ ಮುಂದಿನ ಶುಕ್ರವಾರ ಖಲ್ಫಾನನ ಕಣ್ಣು ತಪ್ಪಿಸಿದರೆ ಅವನ ತಮ್ಮ ಸಿಕ್ಕಿದ. ಬರ್ನಾರ್ ಬೆವರಿಳಿಸಿ ತೆಳ್ಳಗಾದ ದಾರಿಯಲ್ಲಿ ಕೊರಗಪ್ಪಣ್ಣ ಖರ್ಜೂರ ತಿಂದು ದಪ್ಪಗಾದರು.

ಸಾಲದ್ದಕ್ಕೆ ಖಲ್ಫಾನ್ ನಮ್ಮ ಆಫೀಸಿಗೇ ಬಂದು, ಈ ಬಡಪಾಯಿಗೆ ಒಂದು ವಾಹನ ಕೊಡದ ನೀವು ಎಂಥ ಮುಸಲ್ಮಾನರು ಎಂದು ಮ್ಯಾನೇಜರನ್ನು ದಬಾಯಿಸಿದ. ಮ್ಯಾನೇಜರ್ ಬೆದರಿ, ಕೊರಗಪ್ಪಣ್ಣನ ಸಲುವಾಗಿ ಶುಕ್ರವಾರವೂ ಒಂದು ಬಸ್ ಬಿಟ್ಟ. ನಾವೆಲ್ಲ ಅದರಲ್ಲಿ ಕೂತು ಸಿನಿಮಾಕ್ಕೆ ಹೋದೆವು. ಕೊರಗಪ್ಪಣ್ಣ ಹಲ್ಲು ಕಚ್ಚಿ ಮನೆಯಲ್ಲಿ ಕೂತರು.

ತೊಂಬತ್ತೊಂದರಲ್ಲಿ ಆ ರಸ್ತೆಗೆ ಟಾರು ಹಾಕುವ ಕಾಂಟ್ರಾಕ್ಟ್ ನಮ್ಮ ಕಂಪನಿಗೇ ಸಿಕ್ಕಿತು. ಅದರ ಡ್ರಮ್ಮುಗಳನ್ನು ಸ್ಟೋರಿಗೆ ಇಳಿಸಿಕೊಂಡವರು ಕೊರಗಪ್ಪಣ್ಣನೇ. ಕೆಲಸ ಶುರುವಾಗುವ ಮೊದಲು ಉಳಿದದ್ದು ಒಂದೇ ಶುಕ್ರವಾರ. ಹಿಂದಿನ ಸಂಜೆ ಅವರು ಮಹಮೂದ್ ಕಾಕನ ಅಂಗಡಿಗೆ ಬಂದರು, ನಾನೂ ಜೊತೆಗಿದ್ದೆ. ಕಾಕ ಉಳ್ಳಾಲದ ಬ್ಯಾರಿ. ಬರ್ಕಾದಲ್ಲಿ ಅವರ ದಿನಸಿ ಅಂಗಡಿ, ತೋಟದವರೆಲ್ಲ ಅವರ ಗಿರಾಕಿಗಳು.

"ಎಂತ ಕೊರಗಪ್ಪಣ್ಣ, ಮುಖ ಸಪ್ಪೆ ಉಂಟಲ್ಲ?"

"ನಾಳೆ ಒಂದು ದಿನ ನನ್ನನ್ನು ಯಾರೂ ನಿಲ್ಲಿಸಬಾರದು ಕಾಕಾ. ಅಷ್ಟು ಮಾಡಿಕೊಡಿ. ಸುಮ್ಮನೆ ಖುಷಿಗೆ ಸೈಕಲ್ ಹೊಡೀತೇನೆ ಅಂದ್ರೆ ಅವರಿಗೆ ಅರ್ಥವೇ ಆಗುದಿಲ್ಲ."

"ನಂಗೂ ಅರ್ಥ ಆಗುದಿಲ್ಲ ಮಾರಾಯ್ರೆ," ಎಂದರು ಕಾಕ. ಸ್ವಲ್ಪ ಯೋಚಿಸಿ, "ಹರಕೆ ಅಂತ ಹೇಳ್ತೇನೆ. ನಿಮ್ಮಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು, ಅರಬಿಗಳಲ್ಲಿಯೂ ಉಂಟು. ಹರಕೆಯವನನ್ನು ಯಾರೂ ಮುಟ್ಟುದಿಲ್ಲ. ಖಲಾಸ್, ನೀವು ಹೋಗಿ ಮಲಗಿ," ಎಂದರು.

ನಮ್ಮ ಕಡೆಯವರ ಬುದ್ಧಿ ಇದೇ. ಸತ್ಯಕ್ಕೆ ದಾರಿ ಬಿಡದಿದ್ದರೆ ದೇವರನ್ನು ಮುಂದೆ ಬಿಡುವುದು.

ಮರುದಿನ ಮುಂಜಾನೆ ಕೊರಗಪ್ಪಣ್ಣ ಹೊರಟರು. ಮೊದಲ ಪಿಕಪ್ ಎದುರಾದಾಗ ಇವತ್ತೂ ಮುಗಿಯಿತು ಎಂದುಕೊಂಡರಂತೆ. ಅದು ದೂರದಲ್ಲೇ ವೇಗ ಇಳಿಸಿ, ಧೂಳು ಏಳದಂತೆ ಪಕ್ಕಕ್ಕೆ ಸರಿದು ನಿಂತಿತು. ಚಾಲಕ ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದ. ತೋಟದ ಬೇಲಿಯ ಬಳಿ ಮುದುಕರು ಎದ್ದು ನಿಂತರು. ಯಾರೂ ಮಾತಾಡಿಸಲಿಲ್ಲ. ಟಯರಿನಡಿ ಜಲ್ಲಿ ಕರಕರ ಎನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಒಂದು ಗಳಿಗೆ ತಾನು ಫ್ರಾನ್ಸಿನಲ್ಲೇ ಇದ್ದೇನೆ ಅನಿಸಿತು ಎಂದು ಆಮೇಲೆ ಹೇಳಿದರು. ಅಷ್ಟು ಸಂತೋಷ ತನಗೆ ಮದುವೆಯ ದಿನವೂ ಆಗಿರಲಿಲ್ಲ ಎಂದೂ ಹೇಳಿದರು, ದಮಯಂತಿಯಕ್ಕ ಒಳಗಿದ್ದಾರೆಂದು ನೋಡಿಕೊಂಡು.

ಅರ್ಧ ದಾರಿಯಲ್ಲಿ ಕುಲುಕಾಟಕ್ಕೆ ನೀರಿನ ಬಾಟಲಿ ಎಲ್ಲೋ ಬಿದ್ದುಹೋಗಿತ್ತು. ಬಾವಿಯ ಬಳಿ ನಿಂತಿದ್ದ ಒಬ್ಬನಿಗೆ ಬಾಯಿ ತೋರಿಸಿ ನೀರು ಕೇಳಿದರು. ಹರಕೆ ಎಂದ ಮೇಲೆ ಉಪವಾಸವೂ ಇರಲೇಬೇಕೆಂದು ಆ ಜನ ತಾವಾಗಿ ತೀರ್ಮಾನಿಸಿದ್ದರು. ಅವನು ಕೊಡವನ್ನು ಬೆನ್ನ ಹಿಂದೆ ಅಡಗಿಸಿ, "ಗಟ್ಟಿಯಾಗಿರು, ಇನ್ನು ಸ್ವಲ್ಪವೇ ದೂರ," ಎಂದು ಕಣ್ಣಲ್ಲಿ ನೀರು ತಂದುಕೊಂಡ. ಆ ನೀರಿನಿಂದ ಕೊರಗಪ್ಪಣ್ಣನ ದಾಹ ತೀರುವಂತಿರಲಿಲ್ಲ. ಮುಂದೆ ತೋಟಕ್ಕೆ ನೀರು ಹರಿಯುವ ಕಾಲುವೆಯ ಬಳಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಳ್ಳನಂತೆ ಬಗ್ಗಿ ಕುಡಿದರು. ಅಷ್ಟೊತ್ತಿಗೆ ಖರ್ಜೂರ, ಕಹ್ವಾ ಎಲ್ಲ ಬಹಳ ನೆನಪಾದವಂತೆ.

ಅಂತೂ ತುದಿ ಮುಟ್ಟಿದರು. ಹಳ್ಳಿಯ ಬಾಗಿಲಲ್ಲಿ ಇಡೀ ಹಳ್ಳಿಯೇ ನಿಂತಿತ್ತು. ಖಲ್ಫಾನ್ ಮುಂದೆ ಬಂದು ಅವರ ಎರಡೂ ಕೈ ಹಿಡಿದುಕೊಂಡ.

"ನಾನು ದಡ್ಡ. ಪ್ರತಿ ಸಲ ನಿನ್ನ ಹರಕೆ ಕೆಡಿಸಿದೆ. ಮಗುವಿಗಾಗಿ ಹೊರಟವನನ್ನು ತಡೆದೆನಲ್ಲ! ಇವತ್ತು ನಮಾಜಿನಲ್ಲಿ ನಾವೆಲ್ಲ ಕೇಳಿಕೊಳ್ಳುತ್ತೇವೆ. ನಿನಗೆ ಮಗು ಆಗ್ತದೆ."

ಯಾತಕ್ಕೆ ಹರಕೆ ಎಂದು ತೋಟದವರು ಕೇಳಿದಾಗ ಮಹಮೂದ್ ಕಾಕನ ಬಾಯಿಗೆ ಬಂದದ್ದು ಅದೊಂದೇ. ಕೊರಗಪ್ಪಣ್ಣ ಆ ಮುದುಕನ ಕೈಗಳನ್ನು ಬಿಡಿಸಿಕೊಳ್ಳಲಿಲ್ಲ. ಅಲ್ಲೇ ನಿಂತು ಅತ್ತರು. ಹಳ್ಳಿಯವರಿಗೆ ಇನ್ನಷ್ಟು ನಂಬಿಕೆ ಬಂತು.

ಮನೆಗೆ ಬಂದವರೇ ದಮಯಂತಿಯಕ್ಕನಿಗೆ ಎಲ್ಲವನ್ನೂ ಹೇಳಿಬಿಟ್ಟರು. ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ಕೂತರಂತೆ. ಬೈಗುಳ ಬರಲಿಲ್ಲ. ಮುಂದಿನದ್ದನ್ನು ಅಕ್ಕನೇ ನನ್ನ ಹತ್ತಿರ ಹೇಳಿದ್ದು.

"ಎಷ್ಟು ಜನ ಕೇಳಿಕೊಂಡ್ರು?" ಎಂದು ಕೇಳಿದರಂತೆ.

"ಇಡೀ ದಾರಿ."

"ಊರಿನಲ್ಲಿ ನನಗೆ ಹರಕೆ ಹೇಳು ಅಂದವರೇ ಎಲ್ಲ. ನನಗಾಗಿ ಹೇಳಿಕೊಂಡವರು ಯಾರೂ ಇರಲಿಲ್ಲ." ಅಷ್ಟು ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಹೊರಗೆ ಬಂದು, "ಸುಳ್ಳು ಅಂತ ಹೇಳಿ ಬರುವ. ಪಾಪದ ಜನ, ನಮ್ಮಿಂದ ಮೋಸ ಆಗ್ಬಾರ್ದು," ಎಂದರು.

ಮುಂದಿನ ಶುಕ್ರವಾರ ಕಂಪನಿಯ ಬಸ್ಸಿನವನನ್ನು ಒಪ್ಪಿಸಿ ಇಬ್ಬರೂ ಹೋದರು. ರಸ್ತೆಯ ಮೊದಲ ಭಾಗಕ್ಕೆ ಟಾರು ಬಿದ್ದಿತ್ತು. ಅಕ್ಕ ಒಳ್ಳೆಯ ಸೀರೆ ಉಟ್ಟು, ಹೇಳಬೇಕಾದ ಮಾತನ್ನು ಹಿಂದಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದರು. ಖಲ್ಫಾನನ ಹೆಂಡತಿ ಅವರನ್ನು ಒಳಗೆ ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡಳು. ಆ ಮುದುಕಿಗೆ ಹಿಂದಿ ಬರುತ್ತಿರಲಿಲ್ಲ. ಅಕ್ಕನ ತಲೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ತುಂಬ ಹೊತ್ತು ಏನೇನೋ ಹೇಳಿಕೊಂಡಳು. ಮದುವೆಯಾದಂದಿನಿಂದ ಈ ವಿಷಯದಲ್ಲಿ ಯಾರೂ ಅವರನ್ನು ಹಾಗೆ ಮುಟ್ಟಿರಲಿಲ್ಲ. ಅಕ್ಕ ಹೊರಗೆ ಬಂದಾಗ ಕೊರಗಪ್ಪಣ್ಣ, "ಹೇಳಿದೆಯಾ?" ಎಂದು ಮೆಲ್ಲಗೆ ಕೇಳಿದರು.

"ಹೇಳ್ಲಿಕ್ಕೆ ಆಗ್ಲಿಲ್ಲ. ನನಗೆ ಬೇಕು ಅನಿಸಿತು ಮಾರಾಯ್ರೆ. ಪುನಃ ಬೇಕು ಅನಿಸಿತು."

ಮಗು ಆಗಲಿಲ್ಲ. ಸಾಕೆಂದು ಮುಚ್ಚಿಟ್ಟಿದ್ದ ಆಸೆ ಮಾತ್ರ ಎದ್ದು ಮನೆಯೊಳಗೆ ಬಂದು ಕೂತಿತು. ಆಮೇಲೆ ಅವರಿಬ್ಬರೂ ತಿಂಗಳಿಗೊಮ್ಮೆ ಆ ಹಳ್ಳಿಗೆ ಹೋಗಿ ಕಹ್ವಾ ಕುಡಿದು ಬರುತ್ತಿದ್ದರು, ತೊಂಬತ್ತೇಳರಲ್ಲಿ ಒಮಾನ್ ಬಿಡುವ ತನಕ. ಕೊರಗಪ್ಪಣ್ಣ ಮತ್ತೆ ಸೈಕಲ್ ಹತ್ತಲಿಲ್ಲ. ಹತ್ತಿದ್ದು ಕಂಡರೆ ಇನ್ನೊಂದು ಹರಕೆ ಎಂದುಕೊಂಡು, ಖಲ್ಫಾನ್ ತನ್ನ ಪ್ರಾರ್ಥನೆ ಸಾಲಲಿಲ್ಲವೆಂದು ನೊಂದುಕೊಳ್ಳುತ್ತಾನೆ ಎಂದು ಅವರಿಗೆ ಹೆದರಿಕೆ.