ಅತ್ತೆಯ ಬೆರಳು, ಭಾವನವರ ಬಾಯಿ

ನನ್ನ ಸೋದರತ್ತೆ ಇಸ್ತ್ರಿ ಅಂಗಡಿಯವಳು. ಅಂಗಡಿ ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಕೋಣೆ, ಕಂಬಳಿ ಹಾಸಿದ ಮೇಜು, ಕಾವಿನ ಗುಂಡಿ ಕೆಟ್ಟ ಕರೆಂಟಿನ ಇಸ್ತ್ರಿಪೆಟ್ಟಿಗೆ. ನೀರಲ್ಲಿ ಅದ್ದಿದ ಬೆರಳ ತುದಿಯನ್ನು ಪೆಟ್ಟಿಗೆಯ ತಳಕ್ಕೆ ಸೋಕಿಸಿ, ಕಾವು ಹತ್ತಿಬಟ್ಟೆಗೋ ರೇಷ್ಮೆಗೋ ಎಂದು ಅವಳು ತಿಳಿಯುತ್ತಿದ್ದಳು.

ಎದೆಯ ಗಡ್ಡೆ ತೆಗೆದ ಮೇಲೆ ಕೀಮೋ ಶುರುವಾಯಿತು. ಕೂದಲು ಉದುರಿತು. ನೋಡಲು ಬಂದವರೆಲ್ಲ ಅವಳ ತಲೆ ನೋಡಿ ಕಣ್ಣೊರೆಸಿಕೊಂಡು, ಕಾಫಿ ಕುಡಿದು ಹೋದರು. ಬಾಯಿತುಂಬ ಹುಣ್ಣಾಗಿ ತುತ್ತು ಇಳಿಯದ್ದನ್ನು, ನೀರಿಗೂ ತುಕ್ಕಿನ ರುಚಿ ಬಂದದ್ದನ್ನು ಒಬ್ಬರೂ ಕೇಳಲಿಲ್ಲ.

"ಅಳೋ ಕೆಲಸ ಅವ್ರು ಹಂಚ್ಕೊಂಡ್ರು" ಎಂದಳು ಅತ್ತೆ. "ವಾಂತಿ ಮಾತ್ರ ನಂಗೇ ಬಿಟ್ರು."

ಇವರೆಲ್ಲರನ್ನೂ ಮೀರಿಸಿದವರು ಅವಳ ಭಾವ, ಅಂದರೆ ತೀರಿಹೋದ ಗಂಡನ ಅಣ್ಣ. ಗುಮಾಸ್ತರಾಗಿ ನಿವೃತ್ತರಾದವರು. ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತಿದ್ದವರು ತಾವೇ ಆದ್ದರಿಂದ ಕಾಯಿಲೆಯೂ ತಮ್ಮದೇ ಎಂದುಕೊಂಡಿದ್ದರು. ಫೋನಿಗೆ ಬಂದದ್ದನ್ನೆಲ್ಲ ಓದಿ, ಸಂಕಟ ಹೆಚ್ಚಿದಷ್ಟೂ ಔಷಧಿ ಚೆನ್ನಾಗಿ ಹಿಡಿದಿದೆ ಎಂದು ತೀರ್ಮಾನಿಸಿದ್ದರು.

ಔಷಧಿ ಬದಲಾದ ಮೇಲೆ ಅತ್ತೆಯ ಬೆರಳುಗಳಿಗೆ ಜೋಮು ಹಿಡಿಯಿತು. ರವಿಕೆಯ ಗುಂಡಿ ಹಾಕಲೂ ತಡಕಾಡುತ್ತಿದ್ದಳು. ಇದನ್ನು ಡಾಕ್ಟರ ಮುಂದೆ ಎತ್ತಿದರೆ ಡೋಸ್ ಇಳಿಸಿಬಿಡುತ್ತಾರೆ, ಗಡ್ಡೆ ಮತ್ತೆ ಬರುತ್ತದೆ ಎಂದು ಭಾವನವರು ಹೆದರಿಸಿದರು. ಡಾಕ್ಟರು ಕೇಳಿದಾಗಲೆಲ್ಲ ತಾವೇ ಮುಂದೆ ಬಿದ್ದು, "ಏನಿಲ್ಲ ಡಾಕ್ಟ್ರೇ, ಕಲ್ಲುಗುಂಡಿನ ಹಾಗಿದ್ದಾಳೆ" ಎನ್ನುತ್ತಿದ್ದರು. ಅತ್ತೆ ಸುಮ್ಮನಿದ್ದಳು. ಗಡ್ಡೆಯ ಭಯ ಅವಳಿಗೂ ಇತ್ತು. ಆ ಮೌನವನ್ನು ಭಾವನವರು ತಮ್ಮ ಜಾಣತನಕ್ಕೆ ಸಿಕ್ಕ ಮರ್ಯಾದೆ ಎಂದು ತಿಳಿದರು.

ಸುಸ್ತು ಕಡಿಮೆಯಿದ್ದ ಒಂದು ಮಧ್ಯಾಹ್ನ ಅಂಗಡಿ ತೆರೆದಳು. ಮೇಜಿನ ಮೇಲೆ ಬಿಳಿ ಅಂಗಿ ಹರಡಿ, ಪೆಟ್ಟಿಗೆಗೆ ಬೆರಳು ಸೋಕಿಸಿದಳು. ಏನೂ ತಿಳಿಯಲಿಲ್ಲ. ಇನ್ನೂ ಕಾದಿಲ್ಲವೆಂದುಕೊಂಡು ಒತ್ತಿ ಹಿಡಿದಳು. ಸುಟ್ಟ ವಾಸನೆ ಬಂತು. ಪೆಟ್ಟಿಗೆ ಎಲ್ಲೋ ಅಂಗಿಗೆ ತಾಗಿರಬೇಕೆಂದು ಕಾಲರು, ತೋಳು, ಜೇಬು ಎಲ್ಲ ತಿರುವಿ ನೋಡಿದಳು. ಅಂಗಿಗೆ ಏನೂ ಆಗಿರಲಿಲ್ಲ. ಸುಟ್ಟದ್ದು ಬೆರಳು. ಚರ್ಮ ಬೆಳ್ಳಗಾಗಿ ಎದ್ದಿತ್ತು. ನೋವೇ ಇರಲಿಲ್ಲ, ಅದಕ್ಕೇ ಅವಳು ಹೆದರಿದಳು.

ಮುಂದಿನ ಸಲ ಡಾಕ್ಟರ ಕೋಣೆಯಲ್ಲಿ ಭಾವನವರು ಎಂದಿನಂತೆ ಬಾಯಿ ತೆರೆದರು.

"ಭಾವ, ನೀವು ಹೊರಗೆ ಕೂತಿರಿ" ಎಂದಳು ಅತ್ತೆ. "ನನ್ನ ಕೈ ವಿಷಯ ನಾನೇ ಹೇಳ್ತೀನಿ."

ಡಾಕ್ಟರು ಒಂದೊಂದೇ ಬೆರಳು ಒತ್ತಿ ನೋಡಿದರು. ಔಷಧಿ ನರಗಳಿಗೆ ಪೆಟ್ಟು ಕೊಟ್ಟಿದೆ, ಇದು ಸಾಮಾನ್ಯ ಅಡ್ಡಪರಿಣಾಮ ಎಂದರು.

"ನಿಮಗೆ ಸಾಮಾನ್ಯ ಇರಬಹುದು. ನಂಗೆ ಇದು ಅಂಗಡಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮೊದಲೇ ಹೇಳಿದ್ದರೆ ಪ್ರಮಾಣ ಇಳಿಸಬಹುದಿತ್ತು, ಈಗ ಆ ಔಷಧಿ ನಿಲ್ಲಿಸಿ ಬೇರೆಯದರಲ್ಲಿ ಚಿಕಿತ್ಸೆ ಮುಂದುವರಿಸೋಣ, ಸ್ಪರ್ಶ ಎಷ್ಟು ಮರಳುತ್ತದೆಂದು ಹೇಳಲಾಗದು ಎಂದರು.

ಹೊರಗೆ ಭಾವನವರು ಮುಖ ಊದಿಸಿಕೊಂಡು, ಜೀವ ದೊಡ್ಡದೋ ಬೆರಳು ದೊಡ್ಡದೋ ಎಂದು ಕೇಳಿದರು.

"ಎರಡೂ ಬೇಕು ಅನ್ನೋಕೆ ನಿಮ್ಮ ಅಪ್ಪಣೆ ಬೇಕಿತ್ತಾ?"

ಚಿಕಿತ್ಸೆ ಮುಗಿದಿದೆ. ಬೆರಳಲ್ಲಿ ಸ್ಪರ್ಶ ಅರ್ಧಕ್ಕೆ ನಿಂತಿದೆ. ರೇಷ್ಮೆ ಬಟ್ಟೆ ತಂದವರನ್ನು ಅವಳು ಹಾಗೇ ವಾಪಸು ಕಳಿಸುತ್ತಾಳೆ. ಭಾವನವರು ಈಗ ಪಕ್ಕದ ಬೀದಿಯ ಹೆಂಗಸೊಬ್ಬಳಿಗೆ ಕೀಮೋ ಬಗ್ಗೆ ಪಾಠ ಹೇಳುತ್ತಿದ್ದಾರೆ. ಅದು ತಿಳಿದ ದಿನವೇ ಅತ್ತೆ ಅಂಗಡಿ ಮುಚ್ಚಿ ಆ ಮನೆಗೆ ಹೋದಳು. ಜೋಮು ಹಿಡಿದರೆ ಅವತ್ತೇ ಡಾಕ್ಟರಿಗೆ ಹೇಳು, ಯಾರನ್ನೂ ಕೇಳಬೇಡ ಎಂದು ಹೇಳಿ ಬಂದಳು.