ದಫೇದಾರನ ಎಡಮೊಣಕಾಲು

ಕಾರ್ತಿಕದ ಮೂರನೆಯ ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಚಳಿ ಇನ್ನೂ ಜೋರಾಗಿಲ್ಲ. ಆದರೂ ಕಂಬಳಿಗಳನ್ನು ಬಿಸಿಲಿಗೆ ಹಾಕೋಣವೆಂದು ಟ್ರಂಕು ತೆರೆದೆ. ಮಡಿಕೆಯೊಳಗಿಂದ ಒಂದು ಬ್ಯಾಂಡೇಜಿನ ಸುರುಳಿ ಉರುಳಿ ಹೊಸ್ತಿಲತನಕ ಹೋಯಿತು. ಒಂದು ಕಾಲಕ್ಕೆ ಅದು ಬಿಳಿಯದಾಗಿತ್ತು. ಈಗ ಅರಿಸಿನ, ಔಡಲೆಣ್ಣೆ, ಕುರಿಮರಿಯ ಬಾಯಿಂದ ಸುರಿದ ಹಾಲು ಎಲ್ಲ ಸೇರಿ ಹೆಸರಿಲ್ಲದ ಒಂದು ಬಣ್ಣವಾಗಿದೆ. ಮೂಗಿಗೆ ಹಿಡಿದು ನೋಡಿದೆ. ಆಸ್ಪತ್ರೆಯೂ ಕುರಿದೊಡ್ಡಿಯೂ ಒಂದೇ ಮನೆಯಲ್ಲಿ ಸಂಸಾರ ಹೂಡಿದಂಥ ವಾಸನೆ. ಹೊಸ್ತಿಲಾಚೆ ಮಲಗಿದ್ದ ನಾಯಿಯೂ ಒಮ್ಮೆ ಮೂಸಿ, ಮುಖ ತಿರುಗಿಸಿಕೊಂಡಿತು. ಅದಕ್ಕೂ ನೆನಪಿರಬೇಕು.

ಆ ನಾಯಿಯ ಹೆಸರು ದಫೇದಾರ. ಕುರಿ ಹಿಂಡಿನ ಮುಂದೆ ಎದೆ ಸೆಟೆಸಿ ನಡೆಯುವುದನ್ನು ನೋಡಿ, ದೊಡ್ಡ ಸಾಹೇಬರ ಮುಂದೆ ಹಾದಿ ಬಿಡಿಸುತ್ತ ನಡೆಯುವ ಕಚೇರಿಯ ದಫೇದಾರನ ಹೆಸರನ್ನೇ ನಮ್ಮ ಮಲ್ಲಣ್ಣ ಕಾಕಾ ಅದಕ್ಕಿಟ್ಟ. ಸಿಟ್ಟು ಬಂದಾಗ ಮಾತ್ರ ‘ದಫ್ಯಾ’. ನಮ್ಮದು ಗೋಗಿಯ ಹತ್ತಿರದ ಹಳ್ಳಿ, ಕುರಿ ಸಾಕುವ ಮನೆತನ. ಮನೆಯಲ್ಲಿ ಕುರಿ ಕಾಯಲು ಹೋಗದವಳು ನಾನೊಬ್ಬಳೇ. ನಾನು ಶಹಾಪುರದ ಕಾಲೇಜಿಗೆ ಹೋಗುತ್ತಿದ್ದೆ, ಸಂಜೆ ಬಂದು ಡೈರಿ ಬರೆಯುತ್ತಿದ್ದೆ. ಯಾವ ಬಸ್ಸು ಎಷ್ಟು ತಡವಾಯಿತು, ಯಾವ ಆಡು ಯಾವಾಗ ಮರಿ ಹಾಕಿತು, ಎಲ್ಲಕ್ಕೂ ನನ್ನಲ್ಲಿ ಲೆಕ್ಕವಿತ್ತು. ಆ ಲೆಕ್ಕದಿಂದ ಒಂದು ಆಡಿಗೂ ಲಾಭವಾಗಲಿಲ್ಲವೆಂಬುದು ಬೇರೆ ಮಾತು.

ನಾಲ್ಕು ವರ್ಷದ ಹಿಂದಿನ ದಸರೆ ಮುಗಿದ ವಾರ. ಉಪಕಾಲುವೆಯ ದಂಡೆಯ ಮೇಲೆ ಹಿಂಡು ಮೇಯುತ್ತಿತ್ತು. ನೀರು ಬಿಟ್ಟ ಕಾಲುವೆ ನಿಮಗೆ ಗೊತ್ತಲ್ಲ, ಇಳಿಜಾರಿನ ಸಿಮೆಂಟಿಗೆ ಪಾಚಿ ಹತ್ತಿ ಬೆಣ್ಣೆ ಸವರಿದ ಹಾಗಿರುತ್ತದೆ. ಒಂದು ಆಡಿನ ಮರಿ ಜಾರಿತು. ಅದರ ಹಿಂದೆ ದಫೇದಾರ ಹಾರಿದ. ಮರಿ ಹೇಗೋ ತಾನೇ ಏರಿ ಬಂದು ಮೈ ಕೊಡವಿ ಹುಲ್ಲು ಮೇಯತೊಡಗಿತು. ಮೇಲೆ ಬಂದ ದಫೇದಾರನ ಎಡ ಹಿಂಗಾಲು ಮಾತ್ರ ನೆಲಕ್ಕೆ ತಾಗಲಿಲ್ಲ.

ಕಾಕಾ ಕುರಿಯ ಕಾಲು ಮುರಿದರೆ ಬಿದಿರಿನ ದಬ್ಬೆ ಇಟ್ಟು ಕಟ್ಟುತ್ತಾನೆ. ಅವನ ಕೈ ಒಳ್ಳೆಯದು, ಕಟ್ಟಿದ ಕಾಲು ಕೂಡದೇ ಹೋದದ್ದು ನಾನು ನೋಡಿಲ್ಲ. ನಾಯಿಗೂ ಹಾಗೇ ಕಟ್ಟಿದ. ನಾಯಿ ಬಿಚ್ಚಿಕೊಂಡಿತು. ಮತ್ತೆ ಕಟ್ಟಿದ, ಮತ್ತೆ ಬಿಚ್ಚಿಕೊಂಡಿತು. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಸೋಲದೆ ಎರಡು ವಾರ ಕಳೆದರು. ಕಡೆಗೆ ಯಾದಗಿರಿಯ ದನದ ಡಾಕ್ಟರ್ ಮೇಡಂ ಹತ್ತಿರ ಒಯ್ದೆವು. ಅವರು ಕಾಲನ್ನು ಮೆಲ್ಲಗೆ ಮಡಚಿ, ಮೊಣಕಾಲಿನ ಕೆಳಗಿನ ಎಲುಬನ್ನು ಮುಂದಕ್ಕೆ ತಳ್ಳಿದರು. ಎಲುಬು ಸಡಿಲ ಬಾಗಿಲಿನ ಚಿಲಕದಂತೆ ಸರಿಯಿತು.

“ಎಲುಬು ಮುರಿದಿಲ್ರಿ. ಎರಡು ಎಲುಬು ಬಿಗಿದು ಹಿಡಿಯೋ ಪಟ್ಟಿ ಹರಿದದ. ದಬ್ಬಿ ಕಟ್ಟಿದ್ರ ಕೂಡೋದಲ್ಲ ಇದು. ಆಪರೇಷನ್ ಬೇಕಾಗ್ತದ.”

“ನಾಯಿಗಿರಿ?” ಅಂದ ಕಾಕಾ.

“ಮತ್ತ, ನಿಮಗೇನಾಗ್ಯಾದ?”

ಕಾಕಾನ ಮುಖ ಸಣ್ಣದಾಯಿತು. ಅದಕ್ಕೆ ಕಾರಣವಿತ್ತು. ಭತ್ತದ ಕೊಯ್ಲು ಮುಗಿಯುತ್ತಲೇ ನಮ್ಮ ಹಿಂಡು ಹುಣಸಗಿಯ ಕಡೆಗೆ ಹೋಗುತ್ತದೆ. ಕಾಲುವೆ ನೀರಿನ ಗದ್ದೆಗಳಲ್ಲಿ ಕೊಯ್ದುಳಿದ ಕೂಳೆ ಮೇಯಿಸುವುದು, ರಾತ್ರಿ ಅದೇ ಹೊಲದಲ್ಲಿ ಹಿಂಡು ತರುಬಿ ಮಲಗಿಸುವುದು. ಗೊಬ್ಬರ ಬೀಳುತ್ತದೆಂದು ಹೊಲದವರು ಜೋಳ, ಅಕ್ಕಿ ಕೊಡುತ್ತಾರೆ. ಬೇಸಿಗೆ ಮುಗಿಯುವ ತನಕ ಊರಿಂದೂರಿಗೆ ನಡಿಗೆಯೇ ಬದುಕು. ನಡೆಯಲಾರದ ನಾಯಿಗೆ ಅಲ್ಲಿ ಜಾಗವಿಲ್ಲ. ಸುದ್ದಿ ಹಬ್ಬಿ, ಸುರಪುರದ ಆಚೆ ರಂಗಂಪೇಟೆಯ ಕಾಳಿನ ಅಡತಿ ಅಂಗಡಿಯವರೊಬ್ಬರು ಹೇಳಿ ಕಳಿಸಿದ್ದರು: “ಕುಂಟಾದ್ರೂ ನಡೀತದ, ಬೊಗಳಿದ್ರ ಸಾಕು. ಗೋದಾಮಿಗೆ ಕಟ್ಟಿ ಹಾಕ್ತೀವಿ.” ಹಿಂಡು ಹೊರಡುವ ದಿನದೊಳಗೆ ಕಾಲು ಸರಿಹೋಗದಿದ್ದರೆ ದಫೇದಾರನಿಗೆ ಗೋದಾಮಿನ ಸರಪಳಿ. ಹುಟ್ಟಿದಂದಿನಿಂದ ಕೊರಳಿಗೆ ಹಗ್ಗ ಕಂಡವನಲ್ಲ ಅವನು.

ಆಪರೇಷನ್ ಎಲ್ಲಿ ಮಾಡುತ್ತಾರೆಂದು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಇಂಥ ಕೆಲಸಕ್ಕೆ ನಾನು ಬಲು ಉತ್ಸಾಹಿ. ಪುಟಕ್ಕೆ ಗೆರೆ ಹೊಡೆದು, ಯಾರು ಏನು ಹೇಳಿದರು ಎಂದು ಬರೆಯತೊಡಗಿದೆ. ಗೋಗಿಯಿಂದ ಶಹಾಪುರಕ್ಕೆ ಹೋಗುವ ಆಟೋದಲ್ಲಿ ಒಂದು ಸಲ ಬಾಯಿ ಬಿಟ್ಟದ್ದಕ್ಕೆ ಪುಟ ತುಂಬಿತು. ಒಬ್ಬರು ಬೇವಿನೆಣ್ಣೆ ಅಂದರು. ಒಬ್ಬರು ಬಿಸಿ ಉಸುಕಿನ ಗಂಟು ಅಂದರು. ಡ್ರೈವರ್ ತಿರುಗಿ, “ಹೊಸಾ ನಾಯಿ ತರ್ರಿ, ನಮ್ಮೋಣಿಯೊಳಗ ಪುಕ್ಕಟೆ ಅವ,” ಅಂದ. ಮೂಲೆಯಲ್ಲಿ ಕುಳಿತಿದ್ದ ಹಿರಿಯಾಕೆ ಮಾತ್ರ ಸೀರೆ ಸರಿಸಿ ತನ್ನ ಮೊಣಕಾಲು ತೋರಿಸಿದಳು.

“ಇದು ಹತ್ತು ವರ್ಷದಿಂದ ನೋಯಾಕತ್ತದ ಯವ್ವಾ. ಒಬ್ಬರರೆ ಹಿಂಗ ಆಟೋದಾಗ ಕುಂತು ಕೇಳ್ಯಾರೇನು? ನಿಮ್ಮ ನಾಯಿ ಪುಣ್ಯಾ ಮಾಡ್ಯಾದ ಬಿಡು.”

ಆಕೆಯ ಹೆಸರನ್ನೂ ಬರೆದುಕೊಂಡೆ. ಯಾವ ಕಾಲಂನಲ್ಲಿ ಹಾಕಬೇಕೆಂದು ತಿಳಿಯಲಿಲ್ಲ.

ಕಲಬುರಗಿಯ ಖಾಸಗಿ ದವಾಖಾನೆಯೊಂದಕ್ಕೆ ಫೋನು ಮಾಡಿದಾಗ, ಎಲುಬಿಗೆ ಲೋಹದ ಪಟ್ಟಿ ಕೂಡಿಸಬೇಕೆಂದು ಹೇಳಿ ಖರ್ಚು ತಿಳಿಸಿದರು. ಕಾಕಾ ಯಾವ ಖರ್ಚನ್ನೂ ಟಗರಿನಲ್ಲೇ ಅಳೆಯುತ್ತಾನೆ. ಫೋನು ಕಸಿದುಕೊಂಡು, “ಸಾಹೇಬ್ರ, ನಾಯಿ ರಿ, ಆನಿ ಅಲ್ಲ,” ಅಂದ. ಆ ಕಡೆಯವರು ನಕ್ಕರು, ಖರ್ಚು ಇಳಿಯಲಿಲ್ಲ. “ಐದು ಟಗರು,” ಎಂದು ಕಾಕಾ ಫೋನು ನನ್ನ ಕೈಗಿಟ್ಟು ದೊಡ್ಡಿಗೆ ನಡೆದುಬಿಟ್ಟ. ಐದು ಟಗರು ಮಾರುವುದೆಂದರೆ ಮುಂದಿನ ವರ್ಷದ ಹಿಂಡನ್ನೇ ಕುಗ್ಗಿಸಿದ ಹಾಗೆ. ಅವನನ್ನು ದೂರುವಂತಿರಲಿಲ್ಲ.

ದಾರಿ ತೋರಿಸಿದವರು ಯಾದಗಿರಿಯ ಮೇಡಂ ಅವರೇ. ಬೇರೆ ಜಿಲ್ಲೆಯಲ್ಲಿ ತಾವು ಓದಿದ ಪಶುವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಿ ಹುಡುಗರಿಗೆ ಕಲಿಸುತ್ತ ಆಪರೇಷನ್ ಮಾಡುತ್ತಾರೆ, ಔಷಧದ ಖರ್ಚಷ್ಟೇ ಬೀಳುತ್ತದೆ ಅಂದರು. ಲೋಹದ ಪಟ್ಟಿಯೂ ಬೇಡವಂತೆ, ನಮ್ಮ ದಫೇದಾರನಂಥ ತೆಳ್ಳನೆಯ ನಾಯಿಗೆ ಗಟ್ಟಿ ನೈಲಾನ್ ದಾರದಿಂದ ಮೊಣಕಾಲು ಬಿಗಿದರೆ ಸಾಕಾಗಬಹುದಂತೆ. “ಆಗಬಹುದು ಅಂತ ಹೇಳಾಕತ್ತೀನಿ, ಆಗ್ತದ ಅಂತಲ್ಲ,” ಎಂದು ಎರಡು ಸಲ ಹೇಳಿದರು. ನಾನೂ ಎರಡು ಸಲ ಬರೆದುಕೊಂಡೆ.

“ಎಂಥಾ ದಾರ್ರಿ?” ಕಾಕಾ ಕೇಳಿದ.

“ಮೀನದ ಗಾಳಕ್ಕ ಹಾಕ್ತಾರಲ್ಲ, ಹಾಂಗಿರ್ತದ.”

“ಕಾಲುವ್ಯಾಗ ಬಿದ್ದ ಮಗಗ ಗಾಳದ ದಾರ! ಹಿಡಿ ಇನ್ನ,” ಎಂದು ಕಾಕಾ ಆ ತಿಂಗಳಲ್ಲಿ ಮೊದಲ ಸಲ ನಕ್ಕ. ಈ ಆಪರೇಷನ್ ಅವನ ಅಳತೆಯಲ್ಲಿ ಒಂದು ಟಗರಿನೊಳಗೇ ಮುಗಿಯುತ್ತಿತ್ತು.

ಒಯ್ಯುವುದು ಹೇಗೆ? ಬಸ್ಸಿನಲ್ಲಿ ನಾಯಿ ಹತ್ತಿಸುವುದಿಲ್ಲ. ಆ ದಿಕ್ಕಿನ ಕುರಿ ಸಂತೆಗೆ ವಾರಕ್ಕೊಮ್ಮೆ ಟೆಂಪೊ ಹೊಡೆಯುವ ಖಾಜಾ ಮಾಮಾನನ್ನು ಕೇಳಿದೆವು. ಅವನು ನಾಯಿಯನ್ನು ಮೇಲಿಂದ ಕೆಳಗೆ ನೋಡಿ, “ಕುರಿ ಲೆಕ್ಕದಾಗ ಹಿಡೀಲೇನು, ಮನಷ್ಯಾರ ಲೆಕ್ಕದಾಗ?” ಅಂದ.

“ಸರಕಾರಿ ಲೆಕ್ಕದಾಗ ಹಿಡಿ ಮಾಮಾ, ದಫೇದಾರ ಅಲ್ಲೇನು,” ಅಂದೆ.

“ಹಾಂಗಾದ್ರ ಬಾಡಿಗಿ ಬರೂದಿಲ್ಲ ಬಿಡು ನನಗ.” ಅದರಂತೆ ತೆಗೆದುಕೊಳ್ಳಲೂ ಇಲ್ಲ.

ಹೋಗುವಾಗ ಟೆಂಪೊ ತುಂಬ ಕುರಿಗಳು. ಅವುಗಳ ನಡುವೆ ದಫೇದಾರ ಮೂರು ಕಾಲಿನ ಮೇಲೆ ನಿಂತಿದ್ದವನು ಸ್ವಲ್ಪ ಹೊತ್ತಿಗೆ ಕುಳಿತ, ಆಮೇಲೆ ಮಲಗಿದ. ಶಹಾಪುರ ದಾಟುವಾಗ ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡ ತೋರಿಸಿ ಕಾಕಾ, “ನೋಡ್ಲೇ, ಅವನ ಹಾಂಗ ಅಲಗಾಡದಂಗ ಮಲಕ್ಕೊಂಡಿರು,” ಅಂದ. ನಾಯಿ ಗುಡ್ಡಕ್ಕಿಂತ ಸಮಾಧಾನವಾಗಿಯೇ ಮಲಗಿತ್ತು. ಅಷ್ಟು ಉದ್ದದ ದಾರಿಯಲ್ಲಿ ಒಂದು ಸಲವೂ ಕುಂಯ್ ಅನ್ನಲಿಲ್ಲ.

ಆಪರೇಷನ್ ಆಯಿತು. ಒಂದು ವಾರ ಆಸ್ಪತ್ರೆಯ ಹತ್ತಿರದ ಛತ್ರದಲ್ಲಿದ್ದು, ಮರು ಸಂತೆಯ ಟೆಂಪೊದಲ್ಲಿ ಹಿಂದಿರುಗಿದೆವು. ಕುರಿಗಳೆಲ್ಲ ಮಾರಾಟವಾಗಿ ಟೆಂಪೊ ಖಾಲಿ. ಈ ಸಲ ದಫೇದಾರ ಮಲಗಲೊಲ್ಲ. ಮೂಲೆ ಮೂಲೆ ಮೂಸುತ್ತ, ಹಲಗೆಯ ಸಂದಿಯಲ್ಲಿ ಮೂತಿ ತೂರಿಸುತ್ತ, ಎಲ್ಲೋ ಏನೋ ಬಿಟ್ಟು ಬಂದವರ ಹಾಗೆ ದಾರಿಯುದ್ದಕ್ಕೂ ಅತ್ತ. ನೋವಿಗೆ ಅಳುತ್ತಾನೆಂದು ಮಾತ್ರೆ ಕೊಟ್ಟೆವು. ‘ಹೋಗುವಾಗ ಸುಮ್ಮನಿದ್ದ, ಬರುವಾಗ ಅತ್ತ’ ಎಂದು ನಾನು ಡೈರಿಯಲ್ಲಿ ಬರೆದೆ. ಬರೆದದ್ದರ ಅರ್ಥ ಬರೆದವಳಿಗೆ ಹೊಳೆಯಲಿಲ್ಲ.

ಮನೆಗೆ ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಡಾಕ್ಟರರು ಹೇಳಿದ್ದು ಇಷ್ಟು: ಓಡಬಾರದು, ಹಾರಬಾರದು, ಮೊದಮೊದಲು ಐದೇ ನಿಮಿಷ ನಡೆಸಬೇಕು, ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು, ಮೂರು ತಿಂಗಳು ಜೋಪಾನ. ಮೊಣಕಾಲಿನ ಸುತ್ತ ಮಾಂಸ ಬಲಿತು ಗಟ್ಟಿಯಾಗುವ ತನಕ ದಾರವೇ ಆಧಾರ. ನಾನು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ನಾಯಿ ಅದನ್ನು ಓದಲಿಲ್ಲ. ದನದ ಕೊಟ್ಟಿಗೆಯಲ್ಲಿ ಕಟ್ಟಿದ್ದೆವು. ಬೆಳಿಗ್ಗೆ ಹಿಂಡು ಹೊರಟರೆ ಹಗ್ಗ ಜಗ್ಗುತ್ತಿದ್ದ, ಸಂಜೆ ಬಂದರೆ ಜಗ್ಗುತ್ತಿದ್ದ, ನಡುವೆ ಅನ್ನ ಮುಟ್ಟುತ್ತಿರಲಿಲ್ಲ. ಆಯಿ, ಅಂದರೆ ನಮ್ಮ ಅಜ್ಜಿ, ಬ್ಯಾಂಡೇಜಿಗೆ ಔಡಲೆಣ್ಣೆಯಲ್ಲಿ ಅರಿಸಿನ ಕಲಸಿ ಬಳಿದಿದ್ದಳು. ಗಾಯಕ್ಕೆ ಏನೂ ಹಚ್ಚಬಾರದೆಂದು ಡಾಕ್ಟರು ಹೇಳಿದ್ದಾರೆ ಅಂದರೆ, “ಗಾಯಕ್ಕ ಎಲ್ಲಿ ಹಚ್ಚೀನಿ? ಪಟ್ಟಿಗಿ ಹಚ್ಚೀನಿ,” ಎಂದು ಉಳಿದ ಎಣ್ಣೆಯನ್ನು ತನ್ನ ಮೊಣಕಾಲಿಗೆ ತಿಕ್ಕಿಕೊಂಡಳು.

ಮರುಪರೀಕ್ಷೆಗೆ ಯಾದಗಿರಿಗೆ ಒಯ್ದಾಗ ಮೇಡಂ ಸಿಟ್ಟಾದರು. “ಹಿಂಗ ಜಗ್ಗಾಡಿದ್ರ ದಾರ ಕಿತ್ತು ಬರ್ತದ. ಎರಡನೇ ಸಲ ಯಾರು ಹೊಲೀತಾರ?” ಬರುವ ದಾರಿಯಲ್ಲಿ ಕಾಕಾ, “ರಂಗಂಪೇಟಿಯವರಿಗಿ ಹ್ಞೂಂ ಅಂತ ಹೇಳಿಬಿಡ್ಲೇನು?” ಎಂದು ನನ್ನನ್ನೇ ಕೇಳಿದ. ಅವನು ನನ್ನನ್ನು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಕುರಿಗಳು ಮರಿ ಹಾಕತೊಡಗಿದವು. ಎಳೆಯ ಮರಿಗಳು ಹಿಂಡಿನ ಜೊತೆ ಮೇಯಲು ಹೋಗುವುದಿಲ್ಲ. ತಾಯಂದಿರು ಸಂಜೆ ಬಂದು ಹಾಲು ಕುಡಿಸುವ ತನಕ ಬಲೆ ಕಟ್ಟಿದ ಪುಟ್ಟ ದೊಡ್ಡಿಯೊಳಗಿರುತ್ತವೆ. ಒಂದು ಸಂಜೆ ಗಾಳಿ ಕೊರೆಯುತ್ತಿತ್ತೆಂದು ಕಾಕಾ ಆ ದಿನ ಹುಟ್ಟಿದ ನಾಲ್ಕು ಮರಿಗಳಿಗೆ ಹಾಲು ಕುಡಿಸಿ ಕೊಟ್ಟಿಗೆಗೆ ತಂದು ಬಿಟ್ಟ. ನಾಯಿಯ ಯೋಚನೆಯೇ ಅವನಿಗಿರಲಿಲ್ಲ. ಬೆಳಿಗ್ಗೆ ನಾನು ಹೋಗಿ ನೋಡುತ್ತೇನೆ: ಹಗ್ಗ ಸಡಿಲಾಗಿ ನೆಲದ ಮೇಲೆ ಬಿದ್ದಿದೆ, ದಫೇದಾರ ಆಪರೇಷನ್ ಆದ ಕಾಲು ಮೇಲೆ ಮಾಡಿ ಮಗ್ಗುಲಾಗಿ ಮಲಗಿದ್ದಾನೆ, ಹೊಟ್ಟೆಗೊತ್ತಿ ನಾಲ್ಕು ಮರಿಗಳು. ಹೊರಗೆ ಹಿಂಡು ಹೊರಟ ಸದ್ದಾಯಿತು. ಕಿವಿ ಎತ್ತಿದ, ಅಷ್ಟೇ. ಏಳಲಿಲ್ಲ.

“ಕಾಕಾ, ಬಾ ಇಲ್ಲಿ!” ಎಂದು ಕೂಗಿದೆ.

ಅವನು ಬಂದು ಬಾಗಿಲಲ್ಲೇ ನಿಂತ. ನೋಡುತ್ತ ನೋಡುತ್ತ ಅವನ ಮೀಸೆ ಅಲುಗಿತು. “ಸಾಹೇಬಗ ಡ್ಯೂಟಿ ಸಿಕ್ತು ನೋಡವಾ. ಇಷ್ಟ ದಿನ ನಾವು ಅವಗ ಸಸ್ಪೆಂಡ್ ಮಾಡಿ ಕುಂದ್ರಿಸಿದ್ದಿವಿ.”

ಆಗ ನನಗೆ ಖಾಲಿ ಟೆಂಪೊ ನೆನಪಾಯಿತು. ಅವನು ಅತ್ತದ್ದು ಕಾಲಿಗಲ್ಲ. ಹೋಗುವಾಗ ಜೊತೆಗಿದ್ದ ಕುರಿಗಳನ್ನು ಕಳೆದುಬಿಟ್ಟೆನೆಂದು ಅತ್ತಿದ್ದ.

ಕೊಯ್ಲು ಮುಗಿದು ಹಿಂಡು ಹೊರಟಾಗ ರಂಗಂಪೇಟೆಗೆ ‘ಇಲ್ಲ’ ಎಂದು ಹೇಳಿ ಕಳಿಸಿದೆವು. ಕುರಿಗಳು ನಡೆದು ಹೋದವು. ಮರಿಗಳು ಖಾಜಾ ಮಾಮಾನ ಟೆಂಪೊದಲ್ಲಿ ಹೋದವು, ಅವುಗಳ ನಡುವೆ ದಫೇದಾರ. ಹುಣಸಗಿಯ ಹೊಲಗಳಲ್ಲಿ ಹಿಂಡು ಮೇಯಲು ಹೋದಾಗ ಅವನು ಮರಿಗಳ ಬಲೆಯೊಳಗೆ ಕೂರುತ್ತಿದ್ದ. ರಜೆ ಸಿಕ್ಕಾಗೆಲ್ಲ ನಾನು ಬಸ್ಸು ಹತ್ತಿ ಹೋಗಿ ನೋಡುತ್ತಿದ್ದೆ, ಕೈಯಲ್ಲಿ ನನ್ನ ವೇಳಾಪಟ್ಟಿ. ಅದರ ಅಗತ್ಯ ಬೀಳಲಿಲ್ಲ. ಎಳೆಯ ಮರಿ ಎಷ್ಟು ನಡೆದೀತು? ನಾಲ್ಕು ಹೆಜ್ಜೆ ಕುಣಿದು ಬಿದ್ದು ನಿದ್ದೆ ಮಾಡುತ್ತದೆ. ಅವನೂ ಅಷ್ಟೇ ನಡೆದ. ಮರಿಗಳು ಬದುವಿನ ತನಕ ಹೋಗುವ ಹೊತ್ತಿಗೆ ಅವನ ಕಾಲೂ ಬದುವಿನ ತನಕ ಹೋಗುವಂತಾಗಿತ್ತು. ಅವು ಕಾಲುವೆಯ ದಂಡೆ ಏರಿದಾಗ ಅವನೂ ಏರಿದ. ಮರಿಗಳು ಬಲೆ ಬಿಟ್ಟು ದೊಡ್ಡ ಹಿಂಡು ಸೇರಿದ ದಿನ ನಾನು ಅಲ್ಲಿದ್ದೆ. ದಫೇದಾರ ಮೊದಲು ಅವುಗಳ ಹಿಂದೆ ನಡೆದ. ಆಮೇಲೆ ಏನೋ ನೆನಪಾದವನಂತೆ ಹಿಂಡನ್ನು ಬಳಸಿ ಎಲ್ಲಕ್ಕಿಂತ ಮುಂದೆ ಹೋಗಿ ನಿಂತ. ನಾಲ್ಕೂ ಕಾಲು ನೆಲದ ಮೇಲಿದ್ದವು. ಕಾಕಾ ಕಣ್ಣೊರೆಸಿಕೊಂಡು, “ಧೂಳು ಬಾಳ ಆಗ್ಯಾದ,” ಅಂದ. ಅದು ನೀರು ಹಾಯಿಸಿದ ಹೊಲ, ಧೂಳೆಲ್ಲಿಂದ ಬರಬೇಕು.

ಈಗ ಬ್ಯಾಂಡೇಜು ಮಡಚುತ್ತ ಹೊಸ್ತಿಲಲ್ಲಿ ಕುಳಿತಿದ್ದೇನೆ. ದಫೇದಾರನ ಮೂತಿ ಬೆಳ್ಳಗಾಗಿದೆ. ಎದುರು ಕುಳಿತಿದ್ದಾನೆ, ಆದರೆ ಕುಳಿತ ರೀತಿ ಸರಿಯಿಲ್ಲ. ಬಲ ಹಿಂಗಾಲನ್ನು ಪಕ್ಕಕ್ಕೆ ಚಾಚಿದ್ದಾನೆ. ಒಂದು ಕಾಲು ಹೋದ ನಾಯಿಗೆ ಮುಂದೆ ಇನ್ನೊಂದೂ ಹೋಗಬಹುದು, ನಿಗಾ ಇಡಿ ಎಂದು ಮೇಡಂ ಅಂದೇ ಹೇಳಿದ್ದರು. ನಾನು ಕೆಳಗೆರೆ ಎಳೆದು ಬರೆದಿದ್ದೆ. ಆಗಿನ ನಾನಾಗಿದ್ದರೆ ಈಗ ಹೊಸ ಪುಟಕ್ಕೆ ಗೆರೆ ಹೊಡೆಯಲು ಓಡುತ್ತಿದ್ದೆ. ಇಂದು ಕುಳಿತಲ್ಲಿಂದಲೇ ದೊಡ್ಡಿಯ ಕಡೆ ಕೂಗಿದೆ.

“ಕಾಕಾ, ಈ ಸಲ ಮರಿ ಯಾವಾಗ ಹಾಕ್ತಾವ?”

ದೊಡ್ಡಿಯ ಬಾಗಿಲು ತೆಗೆಯುತ್ತಿದ್ದ ಕಾಕಾ ಕೈ ತಡೆದು ನನ್ನನ್ನು ನೋಡಿದ, ನಾಯಿಯನ್ನು ನೋಡಿದ.

“ಯಾವ ಕಾಲು?” ಅಂದ.

ಮೇಡಂ ಅವರಿಗೆ ದೂರದೂರಿಗೆ ವರ್ಗವಾಗಿದೆ. ಆ ಕಾಲೇಜಿನಲ್ಲಿ ಹೊಲಿದ ಡಾಕ್ಟರರು ನಿವೃತ್ತರಾಗಿದ್ದಾರೆಂದು ಕೇಳಿದ್ದೇನೆ. ಆದ್ದರಿಂದ ಇದನ್ನು ಓದುತ್ತಿರುವ ನಿಮ್ಮಲ್ಲೊಂದು ವಿನಂತಿ. ಗಾಳದ ದಾರದಂಥ ದಾರದಿಂದ ನಾಯಿಯ ಮೊಣಕಾಲು ಬಿಗಿಯುವವರು, ಒಂದು ಟಗರಿನೊಳಗೆ ಮುಗಿಸುವವರು, ವಯಸ್ಸಾದ ನಾಯಿಯೆಂದು ಮುಖ ತಿರುಗಿಸದವರು ಎಲ್ಲಾದರೂ ಇರುವುದು ಗೊತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ. ಹಿಂಡು ಹೊರಡುವುದರೊಳಗೆ ತಿಳಿದರೆ ಒಳ್ಳೆಯದು. ಆಪರೇಷನ್ನಿನ ನಂತರ ಏನು ಮಾಡಬೇಕೆಂದು ಬರೆಯುವ ಅಗತ್ಯವಿಲ್ಲ. ಆ ಹೊತ್ತಿಗೆ ಮರಿಗಳು ಹುಟ್ಟಿರುತ್ತವೆ.