ದಿಗಿನಾ

ರಾಯದುರ್ಗದ ಬಸ್‌ಸ್ಟ್ಯಾಂಡ್ ಎದುರು ಟಿಕೆಟ್ ಬುಕ್ ಮಾಡಿಕೊಡುವ ಯರ್ರಿಸ್ವಾಮಿಯವರು ಊರವರನ್ನೆಲ್ಲ ವಿಮಾನ ಹತ್ತಿಸಿದ್ದಾರೆ, ತಾವು ಮಾತ್ರ ಮಾಳಿಗೆ ಹತ್ತಿದರೂ ಗೋಡೆ ಹಿಡಿದುಕೊಳ್ಳುತ್ತಾರೆ. ವಿದ್ಯಾನಗರದ ಏರ್‌ಪೋರ್ಟಿನಿಂದ ಹೈದರಾಬಾದಿಗೆ ಆಕಾಶದಲ್ಲಿ ಸುಮಾರು ಮುನ್ನೂರು ಕಿಲೋಮೀಟರ್, ಎಪ್ಪತ್ತು ನಿಮಿಷ. ಇದನ್ನು ಜೀನ್ಸ್ ವ್ಯಾಪಾರಿಗಳಿಗೆ ಅವರು ಹೇಳುವ ದನಿ, ಡಾಕ್ಟರು ಕಾಯಿಲೆಯ ಹೆಸರು ಹೇಳುವಂತಿರುತ್ತದೆ. “ಬಸ್ಸಿಗೆ ಇಡೀ ರಾತ್ರಿ ಬೇಕ್ರಿ. ಉಳಿದ ತಾಸೆಲ್ಲ ಎಲ್ಲಿ ಹೋದ್ವು? ನಡುವ ಎದಿನೋವು ಬಂತಂದ್ರ ಇಳಸಾಕ ಮ್ಯಾಲೆ ಗುಂತಕಲ್ಲಿನಂಥ ಒಂದು ಊರೂ ಇಲ್ಲ,” ಎನ್ನುತ್ತ, ಕಿಟಕಿ ಸೀಟು ಕೇಳಿದವರಿಗೂ ಬಾಗಿಲ ಹತ್ತಿರದ್ದನ್ನೇ ಹಾಕುತ್ತಾರೆ. ಹೋದವರು ಇಳಿದ ಕೂಡಲೇ ಫೋನ್ ಮಾಡಿ ತೆಲುಗಿನಲ್ಲಿ “ದಿಗಿನಾ”, ಅಂದರೆ ಇಳಿದೆ, ಅನ್ನಬೇಕು. ಆ ದಿಗಿನಾ ಬರುವ ತನಕ ಇವರ ದಿಗಿಲು ಇಳಿಯದು. ಚಹಾ ಆರಿ ಕೆನೆಗಟ್ಟುತ್ತದೆ, ಫ್ಯಾನಿನ ಸದ್ದಿನಲ್ಲಿ ರಿಂಗ್ ಕೇಳಿಸದೇ ಹೋದೀತೆಂದು ಫ್ಯಾನೂ ನಿಲ್ಲುತ್ತದೆ. ಮೊನ್ನೆ ಹೈದರಾಬಾದಿನಲ್ಲಿರುವ ಮಗಳ ಹೆರಿಗೆ ಹತ್ತಿರವಾಯಿತೆಂದು ಹೆಂಡತಿ ಪಾಲಮ್ಮ ಹಟ ಹಿಡಿದು ಅದೇ ವಿಮಾನ ಹತ್ತಿದರು. ಟಿಕೆಟ್ ಮಾಡಿದ್ದು ಇವರೇ. ಟಿಕೆಟ್ ಮಾಡಿಸಲೆಂದು ನಾನು ಅವರ ಅಂಗಡಿಗೆ ಹೋದಾಗ ವಿಮಾನ ಎದ್ದು ತೊಂಬತ್ತು ನಿಮಿಷವಾಗಿತ್ತು. ಟೇಬಲ್ ಮೇಲೆ ಫೋನ್ ಬಡಿದುಕೊಳ್ಳುತ್ತಿತ್ತು, ಗೊತ್ತಿಲ್ಲದ ನಂಬರು. ಯರ್ರಿಸ್ವಾಮಿಯವರು ಅದನ್ನು ಕೈಯಿಂದ ಮುಟ್ಟದೆ ಸ್ಕೇಲಿನಿಂದ ನನ್ನತ್ತ ತಳ್ಳಿದರು. “ನೀವು ಎತ್ರಿ. ದಿಗಿನಾ ಅಂದ್ರ ನನಗ ಹೇಳ್ರಿ. ಬ್ಯಾರೆ ಏನಾರ ಅಂದ್ರ, ಸ್ವಲ್ಪ ಹೊತ್ತು ಸುಮ್ಮನಿರ್ರಿ.”